ಮಾತಾಡಿಸಿಕೊಂಡು ಬರುವುದು

ಅಪ್ಪ ತೀರಿಕೊಂಡದ್ದು ಒಂದು ಕಾರ್ತಿಕ ಮಾಸದ ಕೊನೆಯಲ್ಲಿ. ಹದಿಮೂರು ದಿನ ಜಯನಗರದ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೈಸೂರಿನ ಅತ್ತೆ, ಹಾಸನದ ಚಿಕ್ಕಪ್ಪನ ಮಕ್ಕಳು, ಅಪ್ಪನ ಆಫೀಸಿನ ಹಳಬರು, ಬೆಳಿಗ್ಗೆ ಪಾರ್ಕಿನಲ್ಲಿ ಅವರ ಜೊತೆ ನಡೆಯುತ್ತಿದ್ದವರು ಎಲ್ಲರೂ ಬಂದರು. ಬನಶಂಕರಿಯ ವಿದ್ಯುತ್ ಚಿತಾಗಾರದ ಹತ್ತಿರ ಯಾರೋ ನನ್ನ ಕೈ ಹಿಡಿದುಕೊಂಡು ನಿಂತಿದ್ದರು, ಯಾರೆಂದು ಇವತ್ತಿಗೂ ನೆನಪಿಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಹೋದಾಗ ಎರಡು ಕಾರು ತುಂಬ ಜನ. ವೈಕುಂಠ ಸಮಾರಾಧನೆಯ ಊಟವಾಯಿತು. ಹದಿನಾಲ್ಕನೇ ದಿನ ಬೆಳಿಗ್ಗೆ ಶಾಮಿಯಾನದವರು ಬಂದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಟೆಂಪೋಗೆ ಹಾಕಿಕೊಂಡು ಹೋದರು. ಆಮೇಲೆ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ.

ಹೀಗೆ ಆರು ವಾರ ಕಳೆದಿರಬಹುದು. ಅಮ್ಮ ಮಾತು ಬಿಟ್ಟಂತೆ ಇದ್ದರು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಜನವರಿಯ ಒಂದು ಮಧ್ಯಾಹ್ನ ಎದುರು ಮನೆಯ ಆಂಟಿ ದೊಡ್ಡ ಸ್ಟೀಲ್ ಬೇಸಿನ್ ಹಿಡಿದುಕೊಂಡು ಬಂದರು. ಅದರ ತುಂಬ ರಾತ್ರಿಯೆಲ್ಲ ನೆನೆದ ಅವರೆಕಾಳು. “ಏನ್ರೀ, ನಮ್ಮನೇಲಿ ಹಿತಕೋಕೆ ಯಾರೂ ಇಲ್ಲ. ಒಂದಿಷ್ಟು ಕೈ ಹಾಕ್ತೀರಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಕುಳಿತೇಬಿಟ್ಟರು. ಅಮ್ಮನೂ ಕುಳಿತರು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಇಬ್ಬರೂ ತಲೆ ಬಗ್ಗಿಸಿಕೊಂಡು ಅದನ್ನೇ ಮಾಡುತ್ತಿದ್ದರು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಆಂಟಿ, “ನಿಮ್ಮನೆಯವ್ರು ಅವರೆಕಾಯಿ ಮೂಸಿ ನೋಡದೆ ತಗೋತಾನೇ ಇರ್ಲಿಲ್ಲ, ಅಲ್ವಾ?” ಎಂದರು.

ಅಮ್ಮನ ಕೈ ನಿಂತಿತು. “ಸೊಗಡಿಲ್ಲದ ಕಾಯಿ ಕಾಯೇ ಅಲ್ಲ ಅಂತಿದ್ರು” ಎಂದರು. ಅಲ್ಲಿಂದ ಶುರುವಾಯಿತು. ಮಾರ್ಕೆಟ್ಟಿನ ಚೌಕಾಸಿ, ಮದುವೆಯಾದ ಹೊಸದರಲ್ಲಿ ಬಾಡಿಗೆಗಿದ್ದ ಮನೆ, ಆಸ್ಪತ್ರೆಯ ಕೊನೆಯ ರಾತ್ರಿ ಅಪ್ಪ ನೀರು ಕೇಳಿದ್ದು, ಡಾಕ್ಟರು ಬೇಡ ಎಂದಿದ್ದಾರೆಂದು ಅಮ್ಮ ಕೊಡದೇ ಇದ್ದದ್ದು. ಆ ನೀರಿನ ವಿಷಯ ನನಗೂ ಗೊತ್ತಿರಲಿಲ್ಲ. ಆರು ವಾರ ಅಮ್ಮ ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದ್ದರು. ಆಂಟಿ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. “ಹೂಂ... ಆಮೇಲೆ?” ಎನ್ನುತ್ತಿದ್ದರು, ಮತ್ತೆ ಕಾಳು ಹಿತಕುತ್ತಿದ್ದರು. ಬೇಸಿನ್ ಖಾಲಿಯಾಗುವ ಹೊತ್ತಿಗೆ ಸಂಜೆಯಾಗಿತ್ತು.

ಸಾವಾದ ಮನೆಗೆ ಹೋಗುವುದಕ್ಕೆ ಕನ್ನಡದಲ್ಲಿ ಒಂದು ಮಾತಿದೆ. ನೋಡಿಕೊಂಡು ಬರುವುದು ಎನ್ನುವುದು ಕಾಯಿಲೆಯವರಿಗೆ. ಸಾವಿನ ಮನೆಗಾದರೆ “ಹೋಗಿ ಮಾತಾಡಿಸಿಕೊಂಡು ಬರಬೇಕು” ಎನ್ನುತ್ತೇವೆ. ಅಂದಿನಿಂದ ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಮಾತಾಡಿ ಬರುವುದಲ್ಲ, ಮಾತಾಡಿಸಿ ಬರುವುದು. ಮಾತಾಡಬೇಕಾದವರು ಅವರು, ನಾವಲ್ಲ. ನಮ್ಮ ಕೆಲಸ ಅವರ ಬಾಯಿಂದ ಮಾತು ಬರುವ ಹಾಗೆ ಅಲ್ಲಿ ಕೂರುವುದು. ನಮ್ಮ ಹಿರಿಯರ ನುಡಿಯಲ್ಲಿಯೇ ಇಷ್ಟು ಸ್ಪಷ್ಟವಾಗಿರುವುದನ್ನು ನಾವು ಮರೆತು, ಸಾವಿನ ಮನೆಗೆ ಹೋಗಿ ಉಪದೇಶ ಮಾಡಿ ಬರುತ್ತಿದ್ದೇವೆ.

ಆ ಹದಿಮೂರು ದಿನ ನಮಗೆ ಬಂದ ಮಾತುಗಳನ್ನು ನೆನಪಿಸಿಕೊಳ್ಳುತ್ತೇನೆ. “ಪುಣ್ಯಾತ್ಮರು, ಹೆಚ್ಚು ನರಳಲಿಲ್ಲ.” “ಎಲ್ಲಾ ಹಣೆಬರಹ.” “ನೀನೇ ಹೀಗೆ ಅತ್ತರೆ ಅಮ್ಮನ್ನ ಯಾರು ನೋಡ್ಕೋತಾರೆ?” “ಕಾಲ ಎಲ್ಲಾನೂ ಮರೆಸುತ್ತೆ.” ಹೇಳಿದವರೆಲ್ಲ ಒಳ್ಳೆಯವರೇ, ನಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿದವರು. ಆದರೆ ಈ ಮಾತುಗಳೆಲ್ಲ ಎದುರಿನವರ ಬಾಯಿ ಮುಚ್ಚಿಸುತ್ತವೆ. ಪುಣ್ಯಾತ್ಮರು ಸುಖವಾಗಿ ಹೋದರು ಎಂದಮೇಲೆ, ಇಲ್ಲ, ಕೊನೆಯ ರಾತ್ರಿ ನೀರಿಗಾಗಿ ಒದ್ದಾಡಿದರು ಎಂದು ಅಮ್ಮ ಹೇಗೆ ಹೇಳಬೇಕು? ಮರೆಯುತ್ತೀಯ ಎಂದವರ ಮುಂದೆ, ನನಗೆ ಮರೆಯಬೇಕಾಗಿಲ್ಲ ಎಂದು ಹೇಳುವ ಶಕ್ತಿ ಆಗ ಯಾರಿಗಿರುತ್ತದೆ? ಇನ್ನು “ಏನಾದ್ರೂ ಬೇಕಾದ್ರೆ ಸಂಕೋಚ ಇಲ್ಲದೆ ಹೇಳಿ” ಎನ್ನುವುದು. ಅದರಲ್ಲಿ ತಪ್ಪಿಲ್ಲ, ಆದರೆ ದುಃಖದಲ್ಲಿರುವವರಿಗೆ ತಮಗೇನು ಬೇಕು ಎಂಬುದೇ ತಿಳಿದಿರುವುದಿಲ್ಲ. “ನಾಳೆ ರಾತ್ರಿಗೆ ಚಪಾತಿ ಪಲ್ಯ ನಾನು ತರ್ತೀನಿ, ನೀವು ಒಲೆ ಹಚ್ಚಬೇಡಿ” ಎಂದವರೊಬ್ಬರನ್ನು ನಾನು ಮರೆತಿಲ್ಲ.

ಬುದ್ಧನ ಕಾಲದ ಕಿಸಾಗೌತಮಿಯ ಕಥೆ ನಮಗೆಲ್ಲ ಗೊತ್ತು. ಸತ್ತ ಮಗುವನ್ನು ಬದುಕಿಸು ಎಂದು ಬಂದವಳಿಗೆ ಅವನು ಸಾವಿಲ್ಲದ ಮನೆಯ ಸಾಸಿವೆ ತಾ ಎಂದ. ಸಾವಿನ ಮನೆಯಲ್ಲಿ ಈ ಕಥೆಯನ್ನು ಎತ್ತಿ, ಸಾವು ಯಾರ ಮನೆಗೆ ಬಂದಿಲ್ಲ ಹೇಳಿ ಎಂದು ಮುಗಿಸುವವರಿದ್ದಾರೆ. ನನಗೆ ಆ ಕಥೆಯಲ್ಲಿ ಬೇರೆಯದೇ ಕಾಣುತ್ತದೆ. ಎಲ್ಲರೂ ಸಾಯುತ್ತಾರೆ ಎಂದು ಬುದ್ಧ ಅವಳನ್ನು ಕೂರಿಸಿಕೊಂಡು ಬೋಧಿಸಲಿಲ್ಲ. ಮನೆಮನೆಗೆ ಕಳಿಸಿದ. ಪ್ರತಿ ಬಾಗಿಲಲ್ಲೂ ಅವಳು ತನ್ನ ಮಗುವಿನ ಮಾತೆತ್ತಿರಬೇಕು, ಪ್ರತಿ ಮನೆಯವರೂ ತಮ್ಮವರ ಸಾವಿನ ಮಾತು ಹೇಳಿರಬೇಕು. ಸಾಸಿವೆ ಸಿಗಲಿಲ್ಲ, ಆದರೆ ಇಡೀ ಊರು ಅವಳನ್ನು ಮಾತಾಡಿಸಿತು.

ನಮ್ಮ ಪದ್ಧತಿಗಳನ್ನು ಕಟ್ಟಿದವರಿಗೆ ಇದು ತಿಳಿದಿತ್ತು ಎಂದೇ ನಾನು ನಂಬಿದ್ದೇನೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅಡುಗೆ ತರುತ್ತಾರೆ. ಒಕ್ಕಲಿಗರ ಮನೆಗಳಲ್ಲಿ ಮೂರನೇ ದಿನ ಹಾಲು ತುಪ್ಪ ಬಿಡಲು ನೆಂಟರೆಲ್ಲ ಸೇರುತ್ತಾರೆ. ಲಿಂಗಾಯತರಲ್ಲಿ ಶಿವಗಣಾರಾಧನೆಯಿದೆ. ಪ್ರವಾದಿಯವರು ತಮ್ಮ ಬಂಧು ಜಾಫರ್ ಯುದ್ಧದಲ್ಲಿ ಮಡಿದಾಗ, ಅವರ ಮನೆಯವರಿಗೆ ಊಟ ಮಾಡಿ ಕಳಿಸಿ, ಅವರು ದುಃಖದಲ್ಲಿದ್ದಾರೆ ಎಂದು ಹೇಳಿದ್ದನ್ನು ಮುಸ್ಲಿಮರು ಇಂದಿಗೂ ಪಾಲಿಸುತ್ತಾರೆ. ತಿಲಕನಗರದ ಗಲ್ಲಿಗಳಲ್ಲಿ ಸಾವಾದ ಮನೆಗೆ ಪಕ್ಕದ ಮನೆಗಳಿಂದ ಪಾತ್ರೆ ಬರುವುದು ಈ ಕಾರಣಕ್ಕೇ.

ಈ ಪದ್ಧತಿಗಳು ಮೊದಲ ವಾರಕ್ಕೇ ಮುಗಿಯುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಬ್ರಾಹ್ಮಣರ ಮನೆಗಳಲ್ಲಿ ವರ್ಷವಿಡೀ ಮಾಸಿಕಗಳಿವೆ. ತಿಂಗಳು ತುಂಬುವ ಮೊದಲು ಊನಮಾಸಿಕ, ನಲವತ್ತೈದನೇ ದಿನದ ಹೊತ್ತಿಗೆ ತ್ರೈಪಕ್ಷಿಕ, ಅರ್ಧ ವರ್ಷಕ್ಕೆ ಊನಷಾಣ್ಮಾಸಿಕ, ಕೊನೆಗೆ ವರ್ಷಾಬ್ದಿಕ. ಪ್ರತಿ ಸಲವೂ ಪುರೋಹಿತರು ಬರಬೇಕು, ಅಡುಗೆಯವರು ಬರಬೇಕು, ನಾಲ್ಕು ಜನ ಎಲೆಗೆ ಕೂರಬೇಕು, ಸತ್ತವರ ಹೆಸರು ಗೋತ್ರ ಗಟ್ಟಿಯಾಗಿ ಹೇಳಬೇಕು. ಶ್ರಾದ್ಧದಿಂದ ಹೋದವರಿಗೆ ಏನು ಸಿಗುತ್ತದೆ ಎಂಬುದು ಅವರವರ ನಂಬಿಕೆ. ಇದ್ದವರಿಗೆ ಸಿಗುತ್ತಿದ್ದುದು ತಿಂಗಳಿಗೊಮ್ಮೆ ಬಾಗಿಲು ತೆರೆಯುವ ಒಂದು ನೆಪ. ಈಗ ಮಗನಿಗೆ ರಜೆ ಇಲ್ಲ, ಅಮೆರಿಕದಿಂದ ಬಂದವರು ಹದಿನೈದು ದಿನದಲ್ಲಿ ಹಿಂತಿರುಗಬೇಕು. ಹಾಗಾಗಿ ಎಷ್ಟೋ ಮನೆಗಳಲ್ಲಿ ಮಾಸಿಕಗಳನ್ನೆಲ್ಲ ಒಟ್ಟಿಗೆ ಹನ್ನೆರಡನೇ ದಿನವೇ ಮುಗಿಸಿಬಿಡುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಆದರೆ ವರ್ಷಪೂರ್ತಿ ಬರಬೇಕಾಗಿದ್ದ ಜನರೂ ಅಂದೇ ಬಂದು ಹೋಗಿರುತ್ತಾರೆ. ಗೆಳೆಯರಾದ ನಾವು ಆ ತಾರೀಕುಗಳನ್ನು ಮೊಬೈಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬಹುದು. ತಿಂಗಳಿಗೊಂದು ಸಲ, ಒಂದು ವರ್ಷ.

ವರ್ಷ ಎಂಬ ಈ ಲೆಕ್ಕ ವೈದ್ಯರ ಪುಸ್ತಕದಲ್ಲೂ ಬಂದಿದೆ. ದುಃಖ ಕಾಯಿಲೆಯಲ್ಲ. ಆದರೆ ಕೆಲವರಲ್ಲಿ ಅದು ಕರಗದೆ, ದಿನದಿನವೂ ಮೊದಲ ದಿನದಂತೆಯೇ ಉಳಿದು, ಬದುಕನ್ನೇ ನಿಲ್ಲಿಸಿಬಿಡುತ್ತದೆ. ಅದನ್ನು ದೀರ್ಘಕಾಲದ ಶೋಕದ ತೊಂದರೆ ಎಂದು ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ತನ್ನ ಕೈಪಿಡಿಗೆ ಸೇರಿಸಿತು. ದೊಡ್ಡವರ ವಿಷಯದಲ್ಲಿ ಸಾವಾಗಿ ಹನ್ನೆರಡು ತಿಂಗಳಾದರೂ ಕಳೆಯದೆ ಹಾಗೆ ಹೇಳಬಾರದು ಎಂಬುದು ಅದರ ನಿಯಮ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಆರು ತಿಂಗಳು ಎನ್ನುತ್ತದೆ, ಜೊತೆಗೆ ಆ ಸಮಾಜದ, ಆ ಧರ್ಮದ ರೂಢಿಗಿಂತ ತೀರಾ ಮೀರಿರಬೇಕು ಎಂದೂ ಸೇರಿಸುತ್ತದೆ. ಅಂದರೆ ನಮ್ಮ ವರ್ಷಾಬ್ದಿಕದ ತನಕ ಅಳುತ್ತಾರೆ ಎಂಬುದೊಂದಕ್ಕೇ ಯಾರನ್ನೂ ರೋಗಿ ಎನ್ನಲಾಗದು. ಮೂರನೇ ವಾರಕ್ಕೇ “ಇನ್ನೂ ಅಳ್ತಾ ಕೂತಿದ್ದಾಳೆ” ಎನ್ನುವವರು ನಾವು.

ಇನ್ನೊಂದು ತಪ್ಪು ತಿಳಿವಳಿಕೆಯೂ ಓದಿದವರಲ್ಲಿ ಹರಡಿದೆ. ದುಃಖಕ್ಕೆ ಐದು ಹಂತಗಳಿವೆ, ಒಂದಾದಮೇಲೊಂದು ದಾಟಬೇಕು ಎನ್ನುತ್ತಾರೆ. ಎಲಿಜಬೆತ್ ಕೂಬ್ಲರ್ ರಾಸ್ ಎಂಬ ವೈದ್ಯೆ 1969ರ ತಮ್ಮ ಪುಸ್ತಕದಲ್ಲಿ ಆ ಐದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ, ಅವರ ಕುರಿತಾಗಿ. ತಮ್ಮವರನ್ನು ಕಳೆದುಕೊಂಡು ಉಳಿದವರು ಈ ಮೆಟ್ಟಿಲುಗಳನ್ನು ವರಸೆಯಾಗಿ ಹತ್ತಿ ಮುಗಿಸುತ್ತಾರೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ನಾನು ಕಣ್ಣಾರೆ ಕಂಡದ್ದಕ್ಕೆ ಹೆಚ್ಚು ಹತ್ತಿರವಾಗಿ ಹೇಳಿದವರು ನೆದರ್‌ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್. ದುಃಖದಲ್ಲಿರುವವರು ಎರಡು ಕಡೆಗೆ ಓಲಾಡುತ್ತಿರುತ್ತಾರೆ, ಒಂದು ಗಳಿಗೆ ಕಳೆದುಕೊಂಡದ್ದರ ಕಡೆಗೆ, ಇನ್ನೊಂದು ಗಳಿಗೆ ಮುಂದಿನ ಬದುಕಿನ ಕಡೆಗೆ, ಹೀಗೆ ಓಲಾಡುವುದೇ ಆರೋಗ್ಯದ ಲಕ್ಷಣ ಎಂದು ಅವರು 1999ರಲ್ಲಿ ಬರೆದರು. ಬೆಳಿಗ್ಗೆ ಅಪ್ಪನ ಕನ್ನಡಕದ ಡಬ್ಬಿ ಹಿಡಿದು ಅತ್ತ ಅಮ್ಮ ರಾತ್ರಿ ಸೀರಿಯಲ್ ನೋಡಿ ನಕ್ಕರು. ಆ ನಗು ಕೇಳಿ ನನಗೇ ಒಂದು ಕ್ಷಣ ಕೋಪ ಬಂದಿತ್ತು. ಆಗ ಇದು ತಿಳಿದಿದ್ದರೆ ಪಕ್ಕದಲ್ಲಿ ಕೂತು ನಾನೂ ನಗುತ್ತಿದ್ದೆ. ನಗುವವರನ್ನು ಕಂಡು, ಇಷ್ಟು ಬೇಗ ಮರೆತರಾ ಎಂದುಕೊಳ್ಳಬೇಡಿ. ಅವರನ್ನು ಮಸಾಲೆ ದೋಸೆಗೆ ಕರೆದುಕೊಂಡು ಹೋಗುವುದೂ ಮಾತಾಡಿಸುವುದರಲ್ಲೇ ಸೇರುತ್ತದೆ.

ಮಾತಿಗಿಂತ ಕಾಗದಪತ್ರದ ಕೆಲಸದಲ್ಲೇ ಹೆಚ್ಚು ಆಸರೆಯಾಗುವವರಿದ್ದಾರೆ. ಸಾವಾದ ಇಪ್ಪತ್ತೊಂದು ದಿನದೊಳಗೆ ಮರಣವನ್ನು ನೋಂದಾಯಿಸಬೇಕೆಂದು 1969ರ ಜನನ ಮರಣ ನೋಂದಣಿ ಕಾಯ್ದೆ ಹೇಳುತ್ತದೆ. ಮರಣ ಪ್ರಮಾಣಪತ್ರ ಕೈಗೆ ಬಂದಮೇಲೆ ಬ್ಯಾಂಕು, ಕುಟುಂಬ ಪಿಂಚಣಿ, ವಿಮೆ, ನಾಡಕಚೇರಿಯಲ್ಲಿ ವಂಶವೃಕ್ಷ, ಮನೆಯ ಖಾತೆ, ಕರೆಂಟು ಬಿಲ್ಲಿನ ಹೆಸರು, ಗ್ಯಾಸಿನ ಪುಸ್ತಕ. ಪ್ರತಿ ಕೌಂಟರಿನಲ್ಲೂ “ಅವರು ಏನಾಗಬೇಕು ನಿಮಗೆ? ಯಾವಾಗ ಹೋದ್ರು?” ಎಂಬ ಪ್ರಶ್ನೆಗೆ ಹೊಸದಾಗಿ ಉತ್ತರಿಸಬೇಕು. ನಮ್ಮ ಚಿಕ್ಕಪ್ಪನ ಮಗ ಹೆಚ್ಚು ಮಾತಿನವನಲ್ಲ. ಬಂದವನೇ ಪ್ರಮಾಣಪತ್ರದ ಇಪ್ಪತ್ತು ಜೆರಾಕ್ಸ್ ಮಾಡಿಸಿದ, ಅಪ್ಪನ ಆಧಾರ್, ಪ್ಯಾನ್, ಪಾಸ್‌ಬುಕ್ಕುಗಳನ್ನು ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಜೋಡಿಸಿದ, ಎರಡು ತಿಂಗಳು ಶನಿವಾರ ಶನಿವಾರ ಅಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕಚೇರಿಗಳಿಗೆ ಓಡಾಡಿದ. ಒಂದು ಕಚೇರಿಯಲ್ಲಿ ಅಪ್ಪನ ಹೆಸರಿನ ಇನಿಶಿಯಲ್ ಹೊಂದುವುದಿಲ್ಲವೆಂದು ನಾಲ್ಕು ಸಲ ವಾಪಸು ಕಳಿಸಿದರು. ನಾಲ್ಕು ಸಲವೂ ಅಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ತಾನೇ ಒಳಗೆ ಹೋಗಿ ಮಾತಾಡಿದ. ಎಟಿಎಂ ಎಂದರೇನೆಂದು ತಿಳಿಯದ ಎಷ್ಟೋ ಗೃಹಿಣಿಯರು ನಮ್ಮ ಬಡಾವಣೆಗಳಲ್ಲಿದ್ದಾರೆ. ಅವರಿಗೆ ಈ ಕೆಲಸ ಮಾಡಿಕೊಟ್ಟು ಬಿಡುವುದಕ್ಕಿಂತ ಜೊತೆಯಲ್ಲಿ ನಿಂತು ಕಲಿಸುವುದು ದೊಡ್ಡದು.

ಗಂಡನನ್ನು ಕಳೆದುಕೊಂಡ ಹೆಣ್ಣಿನ ವಿಷಯದಲ್ಲಿ ನಾನು ಸುತ್ತಿಬಳಸಿ ಹೇಳಲಾರೆ. ಹತ್ತನೇ ದಿನ ಬಳೆ ಒಡೆಸಿ ಕುಂಕುಮ ಅಳಿಸುವುದು ಕೆಲವು ಮನೆಗಳಲ್ಲಿ ಇಂದಿಗೂ ನಡೆಯುತ್ತಿದೆ. ನಮ್ಮಲ್ಲೂ ಅದರ ಮಾತು ಬಂತು. ಅತ್ತೆ, ಅಂದರೆ ಅಪ್ಪನ ಸ್ವಂತ ಅಕ್ಕ, ಎದ್ದು ನಿಂತು “ನನ್ನ ತಮ್ಮ ಇದ್ದಿದ್ರೆ ಇದಕ್ಕೆ ಒಪ್ತಿರ್ಲಿಲ್ಲ, ಯಾರೂ ಅವಳ ಕೈ ಮುಟ್ಟಬೇಡಿ” ಎಂದರು. ಎಪ್ಪತ್ತೆರಡು ವರ್ಷದ ಹೆಂಗಸಿನ ಆ ಒಂದು ಮಾತು ಅಮ್ಮನನ್ನು ಎಷ್ಟು ಕಾಪಾಡಿತು ಎಂದು ನಾನು ಆಮೇಲೆ ಕಂಡೆ. ಅಂಥ ಕಡೆ ದುಃಖಿತರ ಪರವಾಗಿ ಗಟ್ಟಿ ದನಿಯಲ್ಲಿ ಮಾತಾಡುವ ಒಬ್ಬರು ಬೇಕು, ಅದನ್ನು ಅವರೇ ಮಾಡಲಾಗುವುದಿಲ್ಲ. ಹಾಗೆಯೇ ಹಬ್ಬಗಳು. ಸಾವಾದ ವರ್ಷ ಮನೆಯಲ್ಲಿ ಹಬ್ಬವಿಲ್ಲ ಎಂದು ನೆಂಟರು ಅತ್ತ ಸುಳಿಯುವುದೇ ಇಲ್ಲ. ಬೀದಿಯೆಲ್ಲ ಎಳ್ಳು ಬೆಲ್ಲ ಬೀರುತ್ತಿರುವಾಗ ಆ ಒಂದು ಬಾಗಿಲು ಮಾತ್ರ ಮುಚ್ಚಿರುತ್ತದೆ. ಎಳ್ಳು ಕೊಡಬೇಕೋ ಬೇಡವೋ ನಿಮ್ಮ ಮನೆಯ ರೂಢಿ, ಆದರೆ ಅಂದು ಹತ್ತು ನಿಮಿಷ ಹೋಗಿ ಕೂತು ಬರುವುದನ್ನು ಯಾವ ಶಾಸ್ತ್ರವೂ ತಡೆದಿಲ್ಲ.

ಸಾವಿನ ಮನೆಯಿಂದ ಹೊರಡುವಾಗ “ಹೋಗಿ ಬರ್ತೀನಿ” ಎನ್ನಬಾರದು ಎಂದು ಚಿಕ್ಕಂದಿನಲ್ಲೇ ಕಲಿಸುತ್ತಾರೆ. ಹೇಳದೆ ಕೇಳದೆ ಎದ್ದು ಹೊರಡಬೇಕು. ಸಾವು ಆ ಮನೆಗೆ ಮತ್ತೆ ಬರದಿರಲಿ ಎಂಬ ಆಸೆ ಅದರ ಹಿಂದಿದೆ. ಆ ಮಾತನ್ನು ಬಾಯಲ್ಲಿ ಆಡಬೇಡಿ, ಸರಿ. ಆದರೆ ಮತ್ತೆ ಹೋಗಿ.

ಬಿಟಿಎಂ ಲೇಔಟ್‌ನ ಪಿಜಿಗಳಲ್ಲಿ ನಡೆಯುವುದು ಇನ್ನೊಂದು ಬಗೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬಿಟಿಎಂ ಆದ ಈ ಬಡಾವಣೆಯಲ್ಲಿ ಕೊಪ್ಪಳ, ರಾಯಚೂರು, ವಿಜಯಪುರದಿಂದ ಬಂದ ಸಾವಿರಾರು ಹುಡುಗ ಹುಡುಗಿಯರಿದ್ದಾರೆ. ರಾತ್ರಿ ಎರಡಕ್ಕೆ ಫೋನು ಬರುತ್ತದೆ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತಾರೆ. ಎಷ್ಟೋ ಕಚೇರಿಗಳಲ್ಲಿ ಇಂಥದ್ದಕ್ಕೆ ಸಿಗುವ ರಜೆ ಮೂರೋ ಐದೋ ದಿನ. ಎಂಟನೇ ದಿನಕ್ಕೆ ತಲೆ ಬೋಳಿಸಿಕೊಂಡ ಹುಡುಗ ಅದೇ ಬಂಕರ್ ಮಂಚದ ಮೇಲೆ, ಅದೇ ಲ್ಯಾಪ್‌ಟಾಪಿನ ಮುಂದೆ ಇರುತ್ತಾನೆ. ಊರಲ್ಲಾದರೆ ದಾರಿಯಲ್ಲಿ ಸಿಕ್ಕವರೆಲ್ಲ ಅವನ ಅಪ್ಪನನ್ನು ಬಲ್ಲವರು. ಇಲ್ಲಿ ಒಬ್ಬನೂ ಅವರನ್ನು ಕಂಡವನಲ್ಲ. ಗ್ರೂಪಿನಲ್ಲಿ “ಓಂ ಶಾಂತಿ” ಬರೆದು ಮುಗಿಸಿರುತ್ತಾರೆ. ಅಂಥವನ ರೂಮ್‌ಮೇಟ್ ನೀವಾಗಿದ್ದರೆ, ಕೇಳುವುದಕ್ಕೆ ಒಂದು ಸುಲಭದ ದಾರಿ ಇದೆ. “ನಿಮ್ಮ ಅಪ್ಪ ಏನ್ ಕೆಲಸ ಮಾಡ್ತಿದ್ರು? ಫೋಟೋ ಇದ್ರೆ ತೋರಿಸು” ಎನ್ನಿ. ನಿಮಗೆ ಅವರು ಗೊತ್ತಿಲ್ಲದಿರುವುದೇ ಇಲ್ಲಿ ಅನುಕೂಲ, ಅವನು ಮೊದಲಿಂದ ಹೇಳಬೇಕಾಗುತ್ತದೆ.

ಮಕ್ಕಳಿಗೆ ಸುಳ್ಳು ಹೇಳಬೇಡಿ. ತಾತ ಊರಿಗೆ ಹೋಗಿದ್ದಾರೆ ಎಂದರೆ ಮಗು ಅವರ ದಾರಿ ಕಾಯುತ್ತದೆ, ಮಲಗಿದ್ದಾರೆ ಎಂದರೆ ತಾನು ಮಲಗಲು ಹೆದರುತ್ತದೆ. ಸತ್ತುಹೋದರು, ಇನ್ನು ಬರುವುದಿಲ್ಲ, ನಮಗೆಲ್ಲ ದುಃಖವಾಗಿದೆ ಎಂದು ಸರಳವಾಗಿ ಹೇಳಿ, ಎಷ್ಟು ಸಲ ಕೇಳಿದರೂ ಅಷ್ಟು ಸಲ ಹೇಳಬೇಕು. ಆತ್ಮಹತ್ಯೆಯಾದ ಮನೆಯಲ್ಲಿ ಹೇಗೆ, ಯಾಕೆ ಎಂದು ವಿಚಾರಿಸಬಾರದು. ಪೊಲೀಸರಿಂದ ಹಿಡಿದು ನೆಂಟರ ತನಕ ಎಲ್ಲರೂ ಅದನ್ನೇ ಕೇಳಿರುತ್ತಾರೆ, ಹೋದವರು ಎಂಥವರಾಗಿದ್ದರು ಎಂದು ಯಾರೂ ಕೇಳಿರುವುದಿಲ್ಲ. ಗರ್ಭದಲ್ಲೇ ಮಗು ಕಳೆದುಕೊಂಡ ತಾಯಿಗೆ ಸಮಾರಾಧನೆಯಿಲ್ಲ, ಬಂದು ಮಾತಾಡಿಸುವವರೂ ಇಲ್ಲ. ಅವರ ಮನೆಗೂ ಹೋಗಬೇಕು.

ಕೋವಿಡ್ ಹಬ್ಬಿದ್ದ 2021ರ ಏಪ್ರಿಲ್ ಮೇ ತಿಂಗಳಲ್ಲಿ ಬನಶಂಕರಿಯ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದವು. ಎಷ್ಟೋ ಮಂದಿಗೆ ತಮ್ಮವರ ಮುಖ ನೋಡಲಾಗಲಿಲ್ಲ. ವಾರಸುದಾರರು ಬಂದು ಪಡೆಯದೇ ಉಳಿದ ಐನೂರಕ್ಕೂ ಹೆಚ್ಚು ಜನರ ಚಿತಾಭಸ್ಮವನ್ನು ಸರ್ಕಾರವೇ ಆ ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟಿತು. ಆಗ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಆಮೇಲೆ ಹೋಗೋಣ ಎಂದುಕೊಂಡೆವು, ಲಾಕ್‌ಡೌನ್ ತೆರೆಯಿತು, ಹೋಗಲಿಲ್ಲ. ಈಗ ಹೋದರೆ ಹಳೆಯ ಗಾಯ ಕೆದಕಿದಂತಾಗುವುದಿಲ್ಲವೇ ಎಂದು ಕೇಳುತ್ತಾರೆ. ಜೆ.ಪಿ. ನಗರದಲ್ಲಿ ಆ ಮೇ ತಿಂಗಳು ತಮ್ಮನನ್ನು ಕಳೆದುಕೊಂಡ ಪರಿಚಿತರೊಬ್ಬರನ್ನು ನಾನು ಮೂರು ವರ್ಷದ ನಂತರ ಹೋಗಿ ಮಾತಾಡಿಸಿದೆ. “ನಿಮ್ಮ ತಮ್ಮ ಕ್ರಿಕೆಟ್ ಚೆನ್ನಾಗಿ ಆಡ್ತಿದ್ರು” ಎಂದೆ, ಅಷ್ಟೇ. ಅವರು ಒಳಗೆ ಹೋಗಿ ಬೀರುವಿನಿಂದ ಬ್ಯಾಟ್ ತಂದು ನನ್ನ ಕೈಯಲ್ಲಿಟ್ಟರು. ಅದರ ಹಿಡಿಕೆಯ ಬಟ್ಟೆ ಇನ್ನೂ ಬೆವರಿನ ಬಣ್ಣದಲ್ಲಿತ್ತು.

ಒಬ್ಬರ ಆಸರೆ ಸಾಲದು ಎನಿಸುವ ಸಂದರ್ಭಗಳೂ ಬರುತ್ತವೆ. ಊಟ ನಿದ್ರೆ ವಾರಗಟ್ಟಲೆ ಬಿಟ್ಟರೆ, ಕುಡಿತಕ್ಕೆ ಬಿದ್ದರೆ, ನಾನೂ ಅವರ ಹಿಂದೆಯೇ ಹೋಗುತ್ತೇನೆ ಎಂಬ ಮಾತು ಬಂದರೆ, ಅದನ್ನು ದುಃಖದ ಮಾತೆಂದು ಬಿಡಬೇಡಿ. ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದಿನದ ಇಪ್ಪತ್ನಾಲ್ಕು ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಲು ಹಿಂಜರಿಯುವವರಿಗೆ ಅದರದ್ದೇ ಕ್ಷೇಮ ಕೇಂದ್ರ ಬಿಟಿಎಂನಲ್ಲಿದೆ, ಅಲ್ಲಿ ಆಪ್ತಸಲಹೆ ಸಿಗುತ್ತದೆ. ಹೋಗು ಎಂದು ಹೇಳಿ ಕಳಿಸುವ ಬದಲು ಆಟೋದಲ್ಲಿ ಜೊತೆಗೆ ಕೂತು ಹೋಗಿ.

ಅಮ್ಮ ಆಸ್ಪತ್ರೆಯ ಆ ನೀರಿನ ಮಾತನ್ನು ಆಮೇಲೂ ಎಷ್ಟೋ ಸಲ ಹೇಳಿದ್ದಾರೆ. ಮೊದಮೊದಲು, ನಿಮ್ಮ ತಪ್ಪಿಲ್ಲ ಎಂದು ನಾನು ತಡೆಯುತ್ತಿದ್ದೆ. ಈಗ ತಡೆಯುವುದಿಲ್ಲ, ಪೂರ್ತಿ ಕೇಳುತ್ತೇನೆ. ಹೇಳುತ್ತ ಹೇಳುತ್ತ ಆ ಕಥೆಗೆ ಹೊಸ ವಿವರ ಸೇರಿದೆ. ಒದ್ದೆ ಹತ್ತಿಯಿಂದ ಅಪ್ಪನ ತುಟಿ ಒರೆಸಿದ್ದು ಈಚೆಗೆ ಅಮ್ಮನಿಗೆ ನೆನಪಾಗಿದೆ.

ಕಳೆದ ತಿಂಗಳು ಬನಶಂಕರಿ ಎರಡನೇ ಹಂತದಲ್ಲಿ ಅಮ್ಮನ ಭಜನೆ ಮಂಡಳಿಯವರೊಬ್ಬರ ಯಜಮಾನರು ತೀರಿಕೊಂಡರು. ಅಮ್ಮ ಸಮಾರಾಧನೆಗೆ ಹೋಗಿ ಬಂದರು. ಮತ್ತೆ ಮೊನ್ನೆ ಮಂಗಳವಾರ, ಹುರುಳಿಕಾಯಿ ಒಂದು ಕೆ.ಜಿ. ಕಟ್ಟಿಸಿಕೊಂಡು, ಈಳಿಗೆಮಣೆ ಅವರ ಮನೆಯಲ್ಲೇ ಇರುತ್ತೆ ಎಂದು ಹೇಳಿ ಮಧ್ಯಾಹ್ನ ಹೊರಟವರು ದೀಪ ಹಚ್ಚುವ ಹೊತ್ತಿಗೆ ಬಂದರು. ಏನು ಮಾತಾಡಿದಿರಿ ಎಂದು ಕೇಳಿದೆ. ಚಪ್ಪಲಿ ಬಿಡುತ್ತ, “ಅವರ ಯಜಮಾನ್ರಿಗೆ ಹಾಗಲಕಾಯಿ ಗೊಜ್ಜು ಅಂದ್ರೆ ಪ್ರಾಣವಂತೆ. ಇವರಿಗೆ ಮಾಡೋಕೇ ಬರ್ತಿರ್ಲಿಲ್ಲವಂತೆ, ನಲವತ್ತು ವರ್ಷ ಆತನೇ ಮಾಡ್ಕೊಂಡು ತಿಂದ್ರಂತೆ” ಎಂದರು. ಕೈಕಾಲು ತೊಳೆಯಲು ಒಳಗೆ ಹೋದರು.